ಮಾಂತ್ರಿಕರ ಹಗೆ ಮರಳಿದ ಅವರೆಕಾಯಿ ಕಾಲ

ಮೊನ್ನೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಪಕ್ಕದಲ್ಲೇ ಒಬ್ಬ ಹೆಂಗಸು ಗೋಣಿತಾಟು ಹಾಸಿ ಅವರೆಕಾಯಿ ಸುರಿದಳು. ಇಬ್ಬನಿಯಲ್ಲಿ ನೆಂದು ಬಂದ ಕಾಯಿ. ಆ ಸೊಗಡು ಮೂಗಿಗೆ ಬಡಿದದ್ದೇ ತಡ, ಟೀ ಲೋಟ ಪಕ್ಕಕ್ಕಿಟ್ಟೆ. ನಮ್ಮ ಸೀಮೆಯವರಿಗೆಲ್ಲ ಈ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಇದರ ಜೊತೆಗೆ ಕಪ್ಪು ಶಾಯಿಯ ವಾಸನೆಯೂ ಸೇರಿಕೊಂಡು ಬಂದು ಎದೆ ಹಿಂಡುತ್ತದೆ. ಅದಕ್ಕೆ ಕಾರಣ ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ. ನಾನೂ ನನ್ನ ಭಾವನೂ ಹನ್ನೆರಡು ವರ್ಷ ನಿಲ್ಲಿಸಿಬಿಟ್ಟಿದ್ದ ಚಿತ್ರಕಥೆಯನ್ನು, ಅಂದರೆ ಕಾಮಿಕ್ಸನ್ನು, ಮತ್ತೆ ಕೈಗೆತ್ತಿಕೊಂಡ ಚಳಿಗಾಲ ಅದು.

ಭಾವ ಎಂದರೆ ಮುನಿರಾಜು. ನಮ್ಮ ಸೋದರತ್ತೆಯ ಮಗ, ನನ್ನ ಅಕ್ಕ ಗಿರಿಜೆಯ ಗಂಡ. ನನಗಿಂತ ಸ್ವಲ್ಪ ದೊಡ್ಡವನಾದರೂ ಒಟ್ಟಿಗೆ ಗೋಲಿ ಆಡಿ ಬೆಳೆದವರು ನಾವು, ಹಾಗಾಗಿ ನಮ್ಮ ನಡುವೆ ಬಹುವಚನ ಹುಟ್ಟಲೇ ಇಲ್ಲ. ನಮ್ಮ ಕಡೆ ಭಾವ, ಬಾಮೈದ ಅಂದರೆ ಒಬ್ಬರನ್ನೊಬ್ಬರು ರೇಗಿಸಿಕೊಳ್ಳುವುದಕ್ಕೇ ಇರುವ ನಂಟು. ಅಕ್ಕ, ಭಾವ ಇರುವುದು ದೊಡ್ಡಬಳ್ಳಾಪುರದ ಹತ್ತಿರದ ರಾಜಘಟ್ಟದಲ್ಲಿ. ಭಾವ ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತಾನೆ. ನಾನು ದೇವನಹಳ್ಳಿಯಲ್ಲಿ ಮೊದಲು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದೆ, ಈಗ ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶದ ಆಹ್ವಾನ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲವನ್ನೂ ಅದೇ ಮೆಷೀನು ಅದೇ ಮುಖದಲ್ಲಿ ಉಗುಳುತ್ತದೆ. ಬ್ರಷ್ಷಿನ ಕೆಲಸ ಹೋಯಿತಲ್ಲ ಅಂತ ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ನಮ್ಮಿಬ್ಬರ ಚಿತ್ರಕಥೆಯ ಹೆಸರು 'ಎರಡು ಗುಡ್ಡದ ಹಗೆ'. ಎದುರುಬದುರು ಎರಡು ಗುಡ್ಡ, ನಡುವೆ ಕೆರೆ, ಒಂದೊಂದು ಗುಡ್ಡದ ಮೇಲೆ ಒಬ್ಬೊಬ್ಬ ಮಾಂತ್ರಿಕ. ಭಾವನ ಮಾಂತ್ರಿಕ ಜೋಗಣ್ಣ, ನನ್ನವನು ಮುಳ್ಳಯ್ಯ. ಅವರೂ ನಮ್ಮ ಹಾಗೆ ಭಾವ, ಬಾಮೈದ. 'ಏನ್ಲಾ ಬಾಮೈದ' ಅಂತ ಕರೆದೇ ಜೋಗಣ್ಣ ಸಿಡಿಲು ಎಸೆಯುತ್ತಿದ್ದ, 'ಬಂದೆ ಇರು ಭಾವ' ಅಂತಲೇ ಮುಳ್ಳಯ್ಯ ಅವನ ಹಟ್ಟಿಗೆ ಹಾವು ತುಂಬುತ್ತಿದ್ದ. ಮಕ್ಕಳ ಕಥೆಯಲ್ಲ ಅದು. ಹೆಂಡ, ರಕ್ತ, ಮೈಮೇಲೆ ನೂಲಿಲ್ಲದ ಯಕ್ಷಿಯರು, ಕಿವಿ ಮುಚ್ಚಿಕೊಳ್ಳುವಂಥ ಬೈಗುಳ, ಎಲ್ಲ ಇದ್ದವು. ಬೆಂಗಳೂರಿನ ಒಂದು ಮಾಸಪತ್ರಿಕೆ 'ವಯಸ್ಕರಿಗೆ ಮಾತ್ರ' ಅಂತ ಮೇಲೆ ಹಾಕಿ ಅಚ್ಚು ಮಾಡುತ್ತಿತ್ತು.

ಆ ಕೆಲಸಕ್ಕೆ ನಮ್ಮದೇ ಒಂದು ಕಟ್ಟಳೆ ಇತ್ತು. ಜೋಗಣ್ಣನನ್ನೂ ಅವನ ಮನೆಯವರನ್ನೂ ಭಾವ ಮಾತ್ರ ಬರೆಯಬೇಕು, ಮುಳ್ಳಯ್ಯನನ್ನೂ ಅವನ ಕಡೆಯವರನ್ನೂ ನಾನು ಮಾತ್ರ. ಭಾವ ಜೋಗಣ್ಣ ಕೊಡುವ ಒಂದು ಏಟು ಬರೆದು, ಹಾಳೆಯನ್ನು ಸೀರೆಯ ಡಬ್ಬದಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ದೇವನಹಳ್ಳಿಯಲ್ಲಿ ನಾನು ಇಳಿಸಿಕೊಂಡು, ಅದಕ್ಕೆ ಮುಳ್ಳಯ್ಯನ ಉತ್ತರ ಬರೆದು, ಅದೇ ಡಬ್ಬದಲ್ಲಿ ವಾಪಸು ಕಳಿಸುತ್ತಿದ್ದೆ. ಮಾತುಗಳ ಅಕ್ಷರ ಬರೆಯುವುದೂ ನನ್ನ ಪಾಲಿಗೇ. ಮುಂದೇನಾಗುತ್ತದೆ ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳುವ ಹಾಗಿರಲಿಲ್ಲ.

ಅಕ್ಕ, ಭಾವನಿಗೆ ಒಬ್ಬಳೇ ಮಗಳು, ಸಿಂಚನ. ಭಾವ ಅವಳನ್ನೇ ಕಣ್ಣ ಮುಂದೆ ಇಟ್ಟುಕೊಂಡು ಜೋಗಣ್ಣನಿಗೂ ಒಬ್ಬ ಮಗಳನ್ನು ಕೊಟ್ಟ. ಕಿಡಿ ಅಂತ ಹೆಸರು. ಎರಡು ಜುಟ್ಟು, ಮುಂದಿನ ಒಂದು ಹಲ್ಲಿಲ್ಲ, ಸಿಕ್ಕವರಿಗೆಲ್ಲ ಎದುರು ಮಾತು. ಓದುಗರಿಗೆ ಆ ಮಗು ಬಹಳ ಹಿಡಿಸಿತ್ತು. ಒಂದು ಸಂಚಿಕೆಯಲ್ಲಿ ನನ್ನ ಮುಳ್ಳಯ್ಯ ಹಗೆ ತೀರಿಸಿಕೊಳ್ಳಲು ಕಿಡಿಯನ್ನು ಕೆರೆಯ ದಂಡೆಯ ಮೇಲೆ ಕಲ್ಲು ಮಾಡಿಬಿಟ್ಟ. ಡಬ್ಬ ಬಿಚ್ಚಿ ನೋಡಿದ ಸಿಂಚನ ತಾನೇ ಫೋನ್ ಮಾಡಿ, 'ಮಾವ, ನನ್ನ ಯಾವಾಗ ಬಿಡಿಸ್ತೀಯ' ಅಂತ ಕೇಳಿದಳು. ನಿಮ್ಮಪ್ಪನನ್ನು ಕೇಳು, ಸರದಿ ಅವನದು ಅಂದೆ.

ಭಾವನ ಸರದಿಯ ಹಾಳೆ ಬರಲೇ ಇಲ್ಲ. ಆ ಮಳೆಗಾಲದಲ್ಲಿ ಊರೆಲ್ಲ ಡೆಂಗಿ ಇತ್ತು. ಜ್ವರ ಬಂದು ವಾರ ಕಳೆಯುವುದರೊಳಗೆ ಸಿಂಚನ ಹೊರಟುಹೋದಳು. ಏಳು ವರ್ಷದ ಕೂಸು. ಅವಳ ಫೋಟೋ ಹಾಕಿದ ಫ್ಲೆಕ್ಸನ್ನು ನನ್ನ ಮೆಷೀನಿನಲ್ಲಿ ತೆಗೆಯಲು ನನ್ನಿಂದ ಆಗಲಿಲ್ಲ. ಎದುರಿನ ಅಂಗಡಿಯವನೇ ಮಾಡಿಕೊಟ್ಟು, ಕಟ್ಟಿಸಿಯೂ ಬಂದ. ತಿಥಿಯ ದಿನ ನಾನು ಅಕ್ಕನ ಮುಂದೆ ಕೂತು, ಆ ಕಲ್ಲಿನ ಚಿತ್ರ ಬರೆಯಬಾರದಿತ್ತು ಅಂತ ಏನೋ ತೊದಲಿದೆ. ಅಕ್ಕ ನನ್ನ ಮಾತನ್ನು ಅರ್ಧಕ್ಕೇ ತಡೆದಳು.

"ಸುಮ್ನಿರೋ ಶಿವು. ಸೊಳ್ಳೆ ಕಚ್ಚಿ ಜ್ವರ ಬಂತು, ಹೋದ್ಲು. ನೀನು ಬರೆದಿದ್ದಕ್ಕೂ ಅದಕ್ಕೂ ಏನ್ಲಾ ಸಂಬಂಧ? ನನ್ನ ಮುಂದೆ ಇನ್ನೊಂದ್ಸಲ ಅದನ್ನ ಎತ್ಬೇಡ."

ಅಕ್ಕ ಅಷ್ಟು ಹೇಳಿದ ಮೇಲೆ ನಾನು ಎತ್ತಲಿಲ್ಲ. ಭಾವ ಮತ್ತೆ ಡಿಸೈನ್ ಬರೆಯಲು ಹೋದ, ನವಿಲು, ಮಾವಿನಕಾಯಿ, ಹೂಬಳ್ಳಿ ಬರೆದ. ಮನುಷ್ಯರ ಮುಖ ಮಾತ್ರ ಬರೆಯಲಿಲ್ಲ. ಪತ್ರಿಕೆಯವರು ಕೆಲವು ತಿಂಗಳು ಕಾದು ಸುಮ್ಮನಾದರು, ಆಮೇಲೆ ಆ ಪತ್ರಿಕೆಯೂ ನಿಂತಿತು. ಕಿಡಿ ಕೆರೆಯ ದಂಡೆಯ ಮೇಲೆ ಕಲ್ಲಾಗಿಯೇ ಉಳಿದಳು.

ಹನ್ನೆರಡು ವರ್ಷ ಆದ ಮೇಲೆ ಕಾರ್ತೀಕದಲ್ಲಿ ಒಂದು ಫೋನ್ ಬಂತು. ಬೆಂಗಳೂರಿನಲ್ಲಿ ನಾಲ್ಕಾರು ಹುಡುಗ ಹುಡುಗಿಯರು ಸೇರಿ ಮೊಬೈಲಿನಲ್ಲಿ ಓದುವ ಚಿತ್ರಕಥೆಗಳನ್ನು ಹೊರತರುತ್ತಿದ್ದಾರಂತೆ. ಮಾತಾಡಿದವಳು ನಿಖಿತಾ ಅಂತ.

"ಸಾರ್, ಹೈಸ್ಕೂಲಲ್ಲಿದ್ದಾಗ ನಮ್ಮಪ್ಪ ಬಚ್ಚಿಡ್ತಿದ್ದ ಪುಸ್ತಕ ಕದ್ದು ಓದ್ತಿದ್ದೆ. ಆ ಮಗು ಕಲ್ಲಾಗಿದ್ದಕ್ಕೆ ಅತ್ತಿದ್ದೆ ಸಾರ್. ಆಮೇಲೆ ಏನಾಯ್ತು ಅಂತ ಹೇಳ್ಲೇ ಇಲ್ಲ ನೀವು."

ಸಿಂಚನಳ ವಿಷಯ ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಆಗಲ್ಲಮ್ಮ, ಅದು ಮುಗಿದ ಕಥೆ ಅಂತ ಫೋನ್ ಇಟ್ಟೆ. ಆದರೆ ಭಾವನಿಗೆ ತಿಳಿಸದೆ ಇಲ್ಲ ಅಂದುಬಿಟ್ಟದ್ದು ಸರಿಯಲ್ಲ ಅನ್ನಿಸಿ ಭಾನುವಾರ ರಾಜಘಟ್ಟಕ್ಕೆ ಹೋದೆ. ಅಂಗಳದಲ್ಲಿ ಅಕ್ಕ ನೆನೆಸಿದ ಅವರೆಕಾಳನ್ನು ಪಾತ್ರೆಯಲ್ಲಿ ಹಾಕಿಕೊಂಡು, ಸಿಪ್ಪೆ ಬಿಡುವ ಹಾಗೆ ಒಂದೊಂದಾಗಿ ಹಿತಕುತ್ತ ಕೂತಿದ್ದಳು. ಭಾವ ಜಗಲಿಯ ಮೇಲೆ ಯಾವುದೋ ಸೆರಗಿನ ಗ್ರಾಫ್ ಬಿಡಿಸುತ್ತಿದ್ದ. ನಾನು ಅಕ್ಕನಿಗೆ ಕೇಳಿಸದ ಹಾಗೆ ವಿಷಯ ಹೇಳಿ, ಬೇಡ ಅಂದುಬಿಟ್ಟೆ ಅಂದೆ.

ಭಾವ ಪೆನ್ಸಿಲ್ ಕೆಳಗಿಟ್ಟ. "ಯಾಕ್ಲಾ ಬೇಡ ಅಂದೆ?"

"ನೀನು ಬರೀತೀಯ ಅಂತ ನಂಗೆ ಹೆಂಗೆ ಗೊತ್ತು ಭಾವ?"

"ಬರೀತೀನಿ. ಅವಳನ್ನ ಕಲ್ಲಿಂದ ಈಚೆ ತರ್ಬೇಕು ಕಣೋ. ಎಷ್ಟು ವರ್ಷ ಅಂತ ಅಲ್ಲೇ ಬಿಡ್ಲಿ?"

ಭಾವ ನನ್ನ ಮೊಣಕಾಲು ತಟ್ಟಿ ಮುಂದುವರಿಸಿದ. "ಒಂದು ಮಾತು. ಅಯ್ಯೋ ಪಾಪ ಅಂತ ನೀನೇ ಬಿಡಿಸ್ಬೇಡ. ಬಿಟ್ಕೊಟ್ರೆ ಅದು ಕಥೆಯಲ್ಲ. ಗೆದ್ದೇ ತರ್ತೀನಿ. ಮತ್ತೆ, ಅವಳು ಈಚೆ ಬಂದಾಗ ಹತ್ತೊಂಬತ್ತು ವರ್ಷದೋಳಾಗಿರ್ಬೇಕು. ಕಲ್ಲೊಳಗೇ ಬೆಳ್ದವ್ಳೆ ಅಂತ ಮಾಡೋಣ. ಇದ್ದಿದ್ರೆ ಹೆಂಗಿರ್ತಿದ್ಲು ಅಂತ ಒಂದ್ಸಲ ನೋಡ್ಬೇಕು ಕಣೋ ನಾನು. ಒಂದೇ ಒಂದ್ಸಲ."

ಅಂಗಳದಲ್ಲಿ ಕಾಳು ಪಾತ್ರೆಗೆ ಬೀಳುವ ಸದ್ದು ನಿಂತಿತ್ತು. ನಾವು ಅತ್ತ ತಿರುಗಿದೆವು. ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಏನಾದ್ರೂ ಮಾಡ್ಕೊಳ್ಳಿ. ನನ್ನ ಮಾತ್ರ ಏನೂ ಕೇಳ್ಬೇಡಿ" ಅಂತ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ ಬಡಿಸಿದಳು.

ಹೀಗೆ ಮಾಂತ್ರಿಕರ ಹಗೆ ಮರಳಿತು. ಮತ್ತೆ ಸೀರೆಯ ಡಬ್ಬ ಬಸ್ಸಿನಲ್ಲಿ ಓಡಾಡತೊಡಗಿತು. ನಾನು ಹಾಳೆಗಳನ್ನು ಸ್ಕ್ಯಾನ್ ಮಾಡಿ ನಿಖಿತಾಳಿಗೆ ಕಳಿಸುತ್ತಿದ್ದೆ, ವಾರ ವಾರ ಜನರ ಮೊಬೈಲಿಗೆ ಹೋಗುತ್ತಿತ್ತು. ಹಳೆಯ ಓದುಗರು ಎಲ್ಲಿದ್ದರೋ, ಒಬ್ಬೊಬ್ಬರೇ ಎದ್ದು ಬಂದರು. 'ಗುರು, ಮುಳ್ಳಯ್ಯ ಮುದುಕ ಆದ್ರೂ ಪೊಗರು ಇಳಿದಿಲ್ಲ' ಅಂತ ಒಬ್ಬ ಬರೆದಿದ್ದ. ಯಕ್ಷಿಯರು ಕಮ್ಮಿಯಾದರು ಅಂತ ಇನ್ನೊಬ್ಬನ ಗೋಳು. ನಿಜಕ್ಕೂ ಇಬ್ಬರು ಮಾಂತ್ರಿಕರಿಗೂ ವಯಸ್ಸಾಗಿತ್ತು. ಭಾವ ಜೋಗಣ್ಣನ ಬೆನ್ನು ಬಗ್ಗಿಸಿದ್ದ, ನಾನು ಮುಳ್ಳಯ್ಯನ ತಲೆ ಬೋಳಿಸಿದ್ದೆ.

ನನ್ನ ಪಾಡು ಏನು ಹೇಳಲಿ. ಸೋಲಬೇಕು ಅಂತ ಜೀವ ಹಾತೊರೆಯುತ್ತಿತ್ತು, ಸೋಲುವ ಹಾಗಿರಲಿಲ್ಲ. ಒಂದು ಸಲ ಕೈ ಸಡಿಲ ಬಿಟ್ಟು ಮುಳ್ಳಯ್ಯನನ್ನು ಮಂಕಾಗಿ ಬರೆದು ಕಳಿಸಿದ್ದಕ್ಕೆ ಭಾವ ಹಾಳೆಯನ್ನು ಹಾಗೇ ವಾಪಸು ಕಳಿಸಿ, ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದ. ಹಲ್ಲು ಕಚ್ಚಿಕೊಂಡು ಮತ್ತೆ ಬರೆದೆ. ಜೋಗಣ್ಣ ಮಳೆ ತಂದರೆ ಮುಳ್ಳಯ್ಯ ಅದನ್ನು ಉಪ್ಪು ಮಾಡಿದ. ಜೋಗಣ್ಣ ಗುಡ್ಡವನ್ನೇ ನಡೆಸಿಕೊಂಡು ಬಂದರೆ ಮುಳ್ಳಯ್ಯ ಅದರ ಕಾಲಿಗೆ ಬೇರು ಇಳಿಸಿದ. ಕೊನೆಗೆ ಭಾವ ನಾನು ಕನಸಿನಲ್ಲೂ ನೆನೆಸದಂಥದ್ದನ್ನು ಬರೆದು ಕಳಿಸಿದ. ಜೋಗಣ್ಣ ತನಗೆ ಬರುವ ಮಂತ್ರಗಳನ್ನೆಲ್ಲ ಗಂಟು ಕಟ್ಟಿ ಕೆರೆಗೆ ಎಸೆದು, ಬರಿಗೈಯಲ್ಲಿ ಬಂದು ಕಲ್ಲಿನ ಪಕ್ಕ ಕೂತಿದ್ದ. ಮಂತ್ರ ಬಾರದ ಸಾಮಾನ್ಯನ ಮೇಲಾಗಲಿ ಅವನ ಮನೆಯವರ ಮೇಲಾಗಲಿ ಮಂತ್ರ ಹಾಕಬಾರದು, ಹಾಕಿದ್ದರೆ ಬಿಚ್ಚಬೇಕು ಅನ್ನುವುದು ಮೊದಲ ಸಂಚಿಕೆಯಿಂದ ಮುಳ್ಳಯ್ಯನಿಗೆ ನಾನೇ ಇಟ್ಟಿದ್ದ ಕಟ್ಟು. ಅವನ ಕೈ ಕಟ್ಟಿಹೋಯಿತು. ನಾನು ಅಂಗಡಿಯ ಶಟರ್ ಅರ್ಧ ಎಳೆದು, ಮುಳ್ಳಯ್ಯ ಮಂತ್ರ ಬಿಚ್ಚುವ ಚಿತ್ರ ಬರೆದೆ. ಕಲ್ಲು ಬಿರುಕು ಬಿಟ್ಟಿತು.

ಕಿಡಿ ಹೊರಗೆ ಬರುವ ಹಾಳೆ ಭಾವನದು. ಸಂಕ್ರಾಂತಿ ಹತ್ತಿರವಿತ್ತು. ಒಂದು ವಾರ ಡಬ್ಬ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ನಿಖಿತಾ ದಿನಾ ಫೋನ್ ಮಾಡುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಭಾವನೇ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಸಿಂಚನಳ ಫೋಟೋ ಇತ್ತು, ಸ್ಕೂಲಿನ ಯೂನಿಫಾರಂನಲ್ಲಿ ತೆಗೆಸಿದ್ದು.

"ಕಂಪ್ಯೂಟರಲ್ಲಿ ವಯಸ್ಸು ಜಾಸ್ತಿ ಮಾಡಿ ತೋರಿಸ್ತಾರಂತಲ್ಲ, ಮಾಡ್ತೀಯಾ?"

ಮಾಡಬಾರದು ಅಂತ ಒಳಗೆ ಏನೋ ಹೇಳುತ್ತಿತ್ತು. ಆದರೂ ಅವನ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಫೋಟೋ ಹಾಕಿದೆ, ಒತ್ತಿದೆ. ಪರದೆಯ ಮೇಲೆ ಒಬ್ಬ ಹುಡುಗಿ ಬಂದಳು. ಬಿಳಿ ಬಣ್ಣ, ತಿದ್ದಿದ ಹುಬ್ಬು, ಸಾಲಾಗಿ ಜೋಡಿಸಿಟ್ಟಂಥ ಹಲ್ಲು, ಸೋಪಿನ ಜಾಹೀರಾತಿನವಳ ನಗು. ನಮ್ಮ ಮನೆಯ ಯಾವ ಗುರುತೂ ಆ ಮುಖದಲ್ಲಿರಲಿಲ್ಲ. ಭಾವ ಕನ್ನಡಕ ಒರೆಸಿ ಹಾಕಿಕೊಂಡು ತುಂಬ ಹೊತ್ತು ನೋಡಿದ.

"ಯಾರ ಮಗಳೋ ಇದು?" ಅಂದ. ಆಮೇಲೆ, "ತೆಗೆದಾಕು" ಅಂದ.

ತೆಗೆದುಹಾಕಿದೆ. ಹಾಳಾದ ಮೆಷೀನನ್ನು ಎತ್ತಿ ರಸ್ತೆಗೆ ಎಸೆಯುವಷ್ಟು ಸಂಕಟವಾಯಿತು. ಭಾವ ಒಬ್ಬನೇ ಹೋಗುವುದು ಬೇಡ ಅಂತ ಬೈಕಿನಲ್ಲಿ ಕೂರಿಸಿಕೊಂಡು ರಾಜಘಟ್ಟಕ್ಕೆ ಬಂದೆ. ಜಗಲಿಯ ಮೇಲೆ ಅವನು ಹದಿನೈದು ದಿನದಿಂದ ಬರೆದು ಬಿಸಾಡಿದ ಹಾಳೆಗಳು ಬಿದ್ದಿದ್ದವು. ಒಂದೊಂದರಲ್ಲೂ ಒಂದೊಂದು ಹುಡುಗಿ. ಒಬ್ಬಳು ಎದುರು ಮನೆಯ ಕಾವ್ಯಳ ಹಾಗಿದ್ದಳು. ಅವಳು ಸಿಂಚನಳ ಜೊತೆ ಓದಿದವಳು, ಈಗ ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಮಾಡುತ್ತಿದ್ದಳು. ಭಾವ ದಿನಾ ಬೆಳಿಗ್ಗೆ ಅವಳು ಬಸ್ಸಿಗೆ ಹೋಗುವುದನ್ನೇ ನೋಡುತ್ತ ಕೂತಿರುತ್ತಿದ್ದನಂತೆ. ಇನ್ನೊಬ್ಬಳು ಮದುವೆಗೆ ಮುಂಚಿನ ಅಕ್ಕ. ಆ ಮುಖವನ್ನು ನಾವಿಬ್ಬರೂ ಬಲ್ಲೆವು, ಅದು ಅಕ್ಕನದೇ, ಮಗಳದಲ್ಲ.

"ಎಲ್ಲ ಮಾಡಿ ನೋಡ್ದೆ ಕಣೋ" ಅಂದ ಭಾವ. "ಏಳು ವರ್ಷದ ಮೇಲಕ್ಕೆ ಕೈ ಹೋಗ್ತಾನೇ ಇಲ್ಲ. ನನ್ ಕೈಲಿ ಅವಳನ್ನ ಬೆಳೆಸೋಕೆ ಆಗ್ಲಿಲ್ಲ." ಹೇಳಿದವನೇ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮಗಳು ಹೋದ ದಿನವೂ ಜನರ ಮುಂದೆ ಅತ್ತವನಲ್ಲ ಅವನು. ನಾನೂ ಅತ್ತೆ. ಇಬ್ಬರು ಗಂಡಸರು ಜಗಲಿಯಲ್ಲಿ ಕೂತು ಹಾಡುಹಗಲಲ್ಲಿ ಹಾಗೆ ಅಳುತ್ತಿದ್ದರೆ ಬೀದಿಯಲ್ಲಿ ಹೋಗುವವರು ತಲೆ ತಗ್ಗಿಸಿಕೊಂಡು ಹೋದರು.

ಅಕ್ಕ ಒಳಗಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ತನ್ನದೇ ಹರೆಯದ ಮುಖ ಬಂದಾಗ ಒಂದು ಗಳಿಗೆ ನಿಂತಳು. ಎಲ್ಲವನ್ನೂ ಜೋಡಿಸಿ ಪಕ್ಕಕ್ಕಿಟ್ಟಳು.

"ದೊಡ್ಡೋಳು ಬೇಡ" ಅಂದಳು. "ಹೆಂಗೆ ಹೋದ್ಲೋ ಹಂಗೇ ಬರ್ಲಿ. ಅಷ್ಟು ದೊಡ್ಡೋಳಾಗಿ ಬಂದ್ರೆ ನಾನು ಎತ್ಕೊಳ್ಳೋದು ಹೆಂಗೆ?"

ಭಾವ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದ. ಅವನ ಆಸೆ ಅಲ್ಲಿಗೆ ಮುಗಿಯಿತು ಅಂತ ನನಗೆ ಅರ್ಥವಾಯಿತು. ಹೊಸ ಹಾಳೆ ತೆಗೆದುಕೊಂಡು ಅಲ್ಲೇ, ನಮ್ಮಿಬ್ಬರ ಮುಂದೆಯೇ, ಬಿರುಕು ಬಿಟ್ಟ ಕಲ್ಲನ್ನು ಬರೆದ. ಅದರೊಳಗಿಂದ ಎರಡು ಜುಟ್ಟು, ಹಲ್ಲು ಬಿದ್ದ ಬಾಯಿ, ಮಣ್ಣು ಮೆತ್ತಿದ ಮೊಣಕಾಲು ಬಂದವು. ಹನ್ನೆರಡು ವರ್ಷದ ಮೇಲೂ ಆ ಕೈ ಎಲ್ಲಿಯೂ ತಡವರಿಸಲಿಲ್ಲ. ಅಕ್ಕ ಕಂಬ ಹಿಡಿದುಕೊಂಡು ನೋಡುತ್ತಿದ್ದಳು. ಕೊನೆಗೆ ಭಾವ ಮಗುವಿನ ಬಾಯಿಯ ಹತ್ತಿರ ಮಾತಿನ ಗುಳ್ಳೆ ಬಿಡಿಸಿ, ಹಾಳೆಯನ್ನು ನನ್ನ ಕಡೆ ತಳ್ಳಿದ. ಅಕ್ಷರ ನನ್ನದಲ್ಲವೇ.

ನಾನು ಪೆನ್ನು ಹಿಡಿದು ಕೂತೆ. ಇಷ್ಟು ವರ್ಷದ ಮೇಲೆ ಎದ್ದು ಬಂದ ಮಗು ಮೊದಲು ಏನು ಹೇಳುತ್ತದೆ? ಅಪ್ಪಾ ಅನ್ನುತ್ತದೆ ಅಂದೆ. ಭಾವ ತಲೆಯಾಡಿಸಿದ, ಸಪ್ಪೆ ಅಂದ. ಮಾವನಿಗೆ ನಾಲ್ಕು ಬೈಯಲಿ, ಕಿಡಿ ಅಲ್ಲವೇ ಅಂದ. ಅದೂ ಸರಿಹೋಗಲಿಲ್ಲ. ಯಾಕೆ ಇಷ್ಟು ಮುದುಕ ಆಗಿದೀಯ ಅಂತ ಅಪ್ಪನನ್ನು ಕೇಳಲಿ ಅಂದೆ. ಅದು ಭಾವನಿಗೆ ಹಿಡಿಸಿತು. ನಾನು ಬರೆಯಲು ಪೆನ್ನು ಊರಿದೆ.

"ಅಮ್ಮ ಎಲ್ಲಿ ಅಂತಾಳೆ" ಅಂದಳು ಅಕ್ಕ.

ನಾವು ತಲೆ ಎತ್ತಿದೆವು.

"ನಿದ್ದೆಯಿಂದ ಎದ್ದ ಮಗು ಇನ್ನೇನು ಕೇಳುತ್ತೆ? ಅಮ್ಮ ಎಲ್ಲಿ ಅಂತ ಕೇಳುತ್ತೆ. ಆಸ್ಪತ್ರೆಯಲ್ಲೂ ಅದನ್ನೇ ಕೇಳ್ತಿದ್ಲು, ನಾನು ಪಕ್ಕದಲ್ಲೇ ಕೂತಿದ್ರೂನೂ."

ಭಾವ ನನ್ನನ್ನು ನೋಡಿದ, ನಾನು ಭಾವನನ್ನು ನೋಡಿದೆ. ನಮ್ಮ ಕಥೆಯಲ್ಲಿ ಕಿಡಿಗೆ ಅಮ್ಮನೇ ಇರಲಿಲ್ಲ. ಅಷ್ಟೊಂದು ಸಂಚಿಕೆ, ಅಷ್ಟೊಂದು ಯಕ್ಷಿಯರು, ಡಾಕಿನಿಯರು, ಹೆಂಡದಂಗಡಿಯ ಹೆಂಗಸರು ಎಲ್ಲ ಬಂದುಹೋಗಿದ್ದರು, ಅಮ್ಮ ಬಂದಿರಲಿಲ್ಲ. ಹಾಳು ನಮ್ಮ ಕಟ್ಟಳೆ. ಜೋಗಣ್ಣನ ಹೆಂಡತಿ ಅಂದರೆ ಭಾವನ ಪಾಲಿಗೆ ಬರಬೇಕು. ಆದರೆ ಅವಳು ನನ್ನ ಮುಳ್ಳಯ್ಯನ ಅಕ್ಕ, ಹಾಗಾಗಿ ನನ್ನ ಕಡೆಯವಳು ಅಂತ ಅವನು ಬಿಟ್ಟಿದ್ದ. ಅವನ ಮನೆಯವಳು ಅಂತ ನಾನು ಬಿಟ್ಟಿದ್ದೆ. ಅವಳಿಲ್ಲದೆ ಆ ಇಬ್ಬರೂ ಭಾವ, ಬಾಮೈದ ಆಗುವುದು ಹೇಗೆ ಅಂತ ಇಬ್ಬರಿಗೂ ಒಂದು ದಿನವೂ ಹೊಳೆಯಲಿಲ್ಲ. ಓದುಗರಲ್ಲೂ ಯಾರೂ ಕೇಳಿರಲಿಲ್ಲ. ಅಕ್ಕ ಆ ಕಥೆಯನ್ನು ಹಿಂದೆ ಓದುತ್ತಿದ್ದಳು. ಆಗಲೇ ಗಮನಿಸಿ ಸುಮ್ಮನಿದ್ದಳೇನೋ, ಕೇಳುವ ಧೈರ್ಯ ನನಗಾಗಲಿಲ್ಲ. ಗುಳ್ಳೆಯೊಳಗೆ 'ಅಮ್ಮ ಎಲ್ಲಿ' ಅಂತ ಬರೆದೆ. ಅಕ್ಷರ ಸೊಟ್ಟಗಾಯಿತು, ತಿದ್ದಲಿಲ್ಲ.

ಭಾವ ಇನ್ನೊಂದು ಹಾಳೆ ತೊಡೆಯ ಮೇಲಿಟ್ಟುಕೊಂಡ.

"ಗಿರಿಜಾ, ಬಾ ಇಲ್ಲಿ, ಕೂತ್ಕೋ" ಅಂದ.

"ನಾನ್ಯಾಕೆ? ಈ ಅವತಾರದಲ್ಲಾ? ತಲೆ ಬಾಚಿಲ್ಲ, ಏನಿಲ್ಲ."

"ಹಂಗೇ ಇರ್ಲಿ. ಹಂಗೇ ಬಾ."

ಅಕ್ಕ ಬಂದು ಮೆಟ್ಟಿಲ ಮೇಲೆ ಕೂತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಭಾವ ಅವಳ ಚಿತ್ರವನ್ನು ಎದುರು ಕೂರಿಸಿಕೊಂಡು ಬರೆದದ್ದೇ ಇರಲಿಲ್ಲ. ಕೈ ಎಲ್ಲಿಟ್ಟುಕೊಳ್ಳಬೇಕು ಅಂತ ಅವಳಿಗೆ ತಿಳಿಯಲಿಲ್ಲ, ಒಮ್ಮೆ ಮಡಿಲಲ್ಲಿ ಇಟ್ಟಳು, ಒಮ್ಮೆ ಸೆರಗು ಎಳೆದುಕೊಂಡಳು.

"ಅವಳನ್ನ ಎತ್ಕೊಂಡಿರೋ ಹಂಗೆ ಕೈ ಹಿಡ್ಕೋ" ಅಂದ ಭಾವ.

ಅಕ್ಕ ಎರಡು ಕೈಯನ್ನೂ ಬಳಸಿ ಎದೆಯ ಹತ್ತಿರ ತಂದಳು. ಸ್ವಲ್ಪ ಹಿಂದಕ್ಕೆ ವಾಲಿ, ಭಾರಕ್ಕೆ ತಕ್ಕ ಹಾಗೆ ಸೊಂಟ ಓರೆ ಮಾಡಿಕೊಂಡಳು. ಏಳು ವರ್ಷದ ಮಗು ಹಗುರವಲ್ಲ. ಗಲ್ಲವನ್ನು ಎಡಕ್ಕೆ ತಿರುಗಿಸಿ, ಅಲ್ಲಿ ಒಂದು ತಲೆ ಇದ್ದರೆ ಹೇಗೆ ಊರುತ್ತಿದ್ದಳೋ ಹಾಗೆ ಊರಿದಳು. ಭಾವ ಬರೆಯತೊಡಗಿದ. ಅವಳ ನರೆಗೂದಲು ಬರೆದ, ಕಣ್ಣ ಕೆಳಗಿನ ಕಪ್ಪು ಬರೆದ, ಸವೆದ ಬಳೆ ಬರೆದ. ನಾನು ಪಕ್ಕದಲ್ಲಿ ಕೂತು ಒಂದು ಸಲ ಹಾಳೆಯನ್ನೂ ಒಂದು ಸಲ ಅಕ್ಕನನ್ನೂ ನೋಡುತ್ತಿದ್ದೆ. ಬಿಸಿಲು ಅಂಗಳದಿಂದ ಮೆಟ್ಟಿಲಿಗೆ ಹತ್ತಿತು.

"ಆಯ್ತು" ಅಂದ ಭಾವ. "ಕೈ ಇಳಿಸು, ನೋವು ಬರುತ್ತೆ."

ಅಕ್ಕ ಕೈ ಇಳಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಗೇ ಕೂತಿದ್ದಳು. ಭಾವ ಮುಗಿದ ಚಿತ್ರವನ್ನು ಸದ್ದಾಗದ ಹಾಗೆ ಪಕ್ಕಕ್ಕಿಟ್ಟು, ಬೇರೆ ಹಾಳೆ ತೆಗೆದುಕೊಂಡು ಮತ್ತೆ ಮೊದಲಿನಿಂದ ಬರೆಯತೊಡಗಿದ.